ಥರ್ಮಲ್ ಪೇಸ್ಟ್ ಬದಲಾಯಿಸಿದ ಮೇಲೆ ಸಿಪಿಯು ಬಿಸಿ ಇನ್ನೂ ಜಾಸ್ತಿ ಆಗಿದೆ, ಏನು ಮಾಡಲಿ?

ಬಿಸಿಲೂರು:
ಎಲ್ಲರಿಗೂ ನಮಸ್ಕಾರ. ನನ್ನದು ಇಂಟೆಲ್ ಐ5-10400. ಅದರ ಜೊತೆ ಬಾಕ್ಸ್‌ನಲ್ಲಿ ಬಂದ ಕೂಲರ್ ಅನ್ನೇ ನಾಲ್ಕು ವರ್ಷದಿಂದ ಬಳಸುತ್ತಿದ್ದೇನೆ. ಮದುವೆ ವಿಡಿಯೊ ಎಡಿಟಿಂಗ್ ನನ್ನ ಕೆಲಸ. ಈ ಬೇಸಿಗೆಯಲ್ಲಿ ರೆಂಡರ್ (ಎಡಿಟ್ ಮಾಡಿದ್ದನ್ನು ಪೂರ್ತಿ ವಿಡಿಯೊ ಆಗಿ ಹೊರತೆಗೆಯುವುದು) ಹಾಕಿದರೆ 85 ಡಿಗ್ರಿ ಮುಟ್ಟುತ್ತಿತ್ತು. ಸಿಪಿಯು ಮತ್ತು ಕೂಲರ್ ನಡುವೆ ಹಚ್ಚುವ ಪೇಸ್ಟ್ ಒಣಗಿರಬೇಕು ಅಂತ ಹೊಸದು ತಂದು ನಾನೇ ಹಚ್ಚಿದೆ. ಹಳೆಯದು ಗೋಡೆಯ ಸುಣ್ಣದ ಹಾಗೆ ಪುಡಿಪುಡಿಯಾಗಿ ಉದುರಿತು. ಈಗ ಏನೂ ಕೆಲಸ ಮಾಡದೆ ಸುಮ್ನೆ ಬಿಟ್ಟರೂ 64 ತೋರಿಸುತ್ತಿದೆ. ರೆಂಡರ್ ಶುರುವಾದ ಅರ್ಧ ನಿಮಿಷಕ್ಕೆ 100, ಆಮೇಲೆ ವೇಗ ಬಿದ್ದುಹೋಗುತ್ತದೆ. ಫ್ಯಾನ್ ಚೆನ್ನಾಗೇ ತಿರುಗುತ್ತಿದೆ. ಪೇಸ್ಟ್ ಕಮ್ಮಿ ಆಯ್ತಾ? ಮೇಲೆ ಇನ್ನೊಂದು ಪದರ ಹಾಕಲಾ? ಭಾನುವಾರದೊಳಗೆ ಒಂದು ಮದುವೆ ವಿಡಿಯೊ ಕೊಡಬೇಕು.

ಗುಂಡಿಗೆ:
ಲಿಕ್ವಿಡ್ ಮೆಟಲ್ ಹಾಕಿ ನೋಡಿ ಸರ್. ಪೇಸ್ಟ್‌ಗಿಂತ ಎಷ್ಟೋ ಚೆನ್ನಾಗಿ ಶಾಖ ಎಳೆಯುತ್ತದೆ.

ತಿರುಪುಳಿ:
ದಯವಿಟ್ಟು ಲಿಕ್ವಿಡ್ ಮೆಟಲ್ ಬೇಡ. ಅದರಲ್ಲಿ ಗ್ಯಾಲಿಯಂ ಇರುತ್ತದೆ, ಅದು ಅಲ್ಯುಮಿನಿಯಂ ಅನ್ನು ತಿಂದುಹಾಕುತ್ತದೆ. ಬಾಕ್ಸ್ ಕೂಲರ್‌ನಲ್ಲಿ ಇರುವುದೇ ಅಲ್ಯುಮಿನಿಯಂ. ಜೊತೆಗೆ ಅದರಲ್ಲಿ ಕರೆಂಟ್ ಹರಿಯುತ್ತದೆ, ಒಂದು ಹನಿ ಮದರ್‌ಬೋರ್ಡ್ ಮೇಲೆ ಜಾರಿದರೆ ಬೋರ್ಡ್ ಹೋಯಿತು ಅಂತಲೇ.

ಇನ್ನೊಂದು ಪದರವೂ ಬೇಡ. ಗಾಳಿಯ ಶಾಖವಾಹಕತೆ (W/mK ಲೆಕ್ಕದಲ್ಲಿ, ಜಾಸ್ತಿ ಇದ್ದಷ್ಟೂ ಶಾಖ ಚೆನ್ನಾಗಿ ಹರಿಯುತ್ತದೆ) ಸುಮಾರು 0.026, ಸಾಧಾರಣ ಪೇಸ್ಟ್‌ನದು 4ರಿಂದ 8, ತಾಮ್ರದ್ದು 400ರ ಹತ್ತಿರ. ಸಿಪಿಯು ಮುಚ್ಚಳ ಮತ್ತು ಕೂಲರ್ ತಳ ಕಣ್ಣಿಗೆ ನುಣುಪಾಗಿ ಕಂಡರೂ ನಡುವೆ ಸಣ್ಣ ಸಣ್ಣ ತಗ್ಗುಗಳಿರುತ್ತವೆ. ಅಲ್ಲಿರುವ ಗಾಳಿಯನ್ನು ಹೊರಹಾಕುವುದಷ್ಟೇ ಪೇಸ್ಟ್ ಕೆಲಸ. ಲೋಹಕ್ಕೆ ಲೋಹ ಎಷ್ಟು ಹತ್ತಿರ ಕೂರುತ್ತದೋ ಅಷ್ಟು ಒಳ್ಳೆಯದು. ಪೇಸ್ಟ್ ದಪ್ಪ ಆದರೆ ಅದೇ ಕಂಬಳಿ ಹೊದಿಸಿದ ಹಾಗೆ.

ಆದರೆ ಸುಮ್ಮನಿದ್ದಾಗಲೇ 64 ಅಂದರೆ ನನಗೆ ಅನುಮಾನ ಪೇಸ್ಟ್ ಮೇಲಲ್ಲ, ಕೂಲರ್ ಸರಿಯಾಗಿ ಕೂತಿಲ್ಲ. 100 ಡಿಗ್ರಿ ಈ ಚಿಪ್‌ನ ಮಿತಿ. ಅಲ್ಲಿಗೆ ಮುಟ್ಟಿದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ಹಾಗಾಗಿ ಸುಟ್ಟೇ ಹೋಯಿತು ಅಂತ ಹೆದರಬೇಡಿ, ಆದರೆ ಸದ್ಯಕ್ಕೆ ರೆಂಡರ್ ಹಾಕಬೇಡಿ. ಪವರ್ ಕೇಬಲ್ ಕಿತ್ತು, ಕೂಲರ್ ತೆಗೆದು, ಏನನ್ನೂ ಒರೆಸದೆ ಎರಡೂ ಕಡೆ ಪೇಸ್ಟ್ ಹೇಗೆ ಮೂಡಿದೆ ಅಂತ ಹೇಳಿ. ಆ ಅಚ್ಚು ನೋಡಿದರೆ ಅರ್ಧ ಉತ್ತರ ಸಿಕ್ಕಿಬಿಡುತ್ತದೆ.

ಬಿಸಿಲೂರು:
ತೆಗೆದೆ. ಒಂದು ಕಡೆ ಪೇಸ್ಟ್ ತೆಳ್ಳಗೆ ಒತ್ತಿಕೊಂಡು ಕೆಳಗಿನ ಲೋಹ ಮಸುಕಾಗಿ ಕಾಣುತ್ತಿದೆ. ರ್‍ಯಾಮ್ ಕಡೆಯ ಮೂಲೆಯಲ್ಲಿ ಮಾತ್ರ ದಪ್ಪಕ್ಕೆ ಹಾಗೇ ಇದೆ. ನಾನು ಬೆರಳಲ್ಲಿ ಸವರಿದ್ದೆ, ಬೆರಳಿನ ಗೆರೆ ಕೂಡ ಅಳಿಸಿಲ್ಲ! ಚಪಾತಿಗೆ ತುಪ್ಪ ಸವರಿದ ಹಾಗೆ ಹಚ್ಚಿದ್ದೆ, ಒಂದು ಗ್ರಾಂಗಿಂತ ಜಾಸ್ತಿಯೇ ಹೋಗಿರಬೇಕು.

ತಿರುಪುಳಿ:
ಬೆರಳಿನ ಗೆರೆ ಉಳಿದಿದೆ ಅಂದರೆ ಆ ಮೂಲೆಗೆ ಕೂಲರ್ ತಾಗಿಯೇ ಇಲ್ಲ. ಅಲ್ಲಿನ ಪುಶ್ ಪಿನ್ (ಕೂಲರ್ ಅನ್ನು ಮದರ್‌ಬೋರ್ಡ್‌ಗೆ ಹಿಡಿಸುವ, ಒತ್ತಿ ಕೂರಿಸುವ ಪಿನ್) ಲಾಕ್ ಆಗಿಲ್ಲ. ಬಿಚ್ಚುವಾಗ ನಾಲ್ಕೂ ಪಿನ್‌ಗಳ ತಲೆಯನ್ನು ಬಾಣದ ದಿಕ್ಕಿಗೆ ತಿರುಗಿಸಿರುತ್ತೀರಿ. ಮತ್ತೆ ಹಾಕುವ ಮೊದಲು ಅವನ್ನು ಬಾಣದ ಎದುರು ದಿಕ್ಕಿಗೆ ಪೂರ್ತಿ ವಾಪಸ್ ತಿರುಗಿಸಬೇಕು. ಒಂದು ಬಿಟ್ಟುಹೋದರೂ ಪಿನ್ ಒಳಗೆ ಹೋದ ಹಾಗೆ ಅನಿಸುತ್ತದೆ, ಹಿಡಿದುಕೊಳ್ಳುವುದಿಲ್ಲ. ಇದು ತುಂಬಾ ಜನರಿಗೆ ಆಗುತ್ತದೆ.

ಈಗ ಹೀಗೆ ಮಾಡಿ. ಸಿಪಿಯು ಅನ್ನು ಅದು ಕೂತಿರುವ ಸಾಕೆಟ್‌ನಿಂದ ಹೊರಗೆ ತೆಗೆಯಬೇಡಿ, ಅದನ್ನು ಹಿಡಿದಿಟ್ಟಿರುವ ಲಿವರ್ ಮುಟ್ಟಲೇಬೇಡಿ. ಸಾಕೆಟ್ ಒಳಗಿನ ಪಿನ್‌ಗಳಿಗೆ ಪೇಸ್ಟ್ ತಾಗಿದರೆ ದೊಡ್ಡ ತಲೆನೋವು. ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್ ತನ್ನಿ, 90 ಪರ್ಸೆಂಟ್‌ಗಿಂತ ಮೇಲಿನದು. ಎಲೆಕ್ಟ್ರಾನಿಕ್ಸ್ ಬಿಡಿಭಾಗ ಮಾರುವ ಅಂಗಡಿಯಲ್ಲಿ ಸಿಗುತ್ತದೆ. ಕೈಗೆ ಹಾಕುವ ಸ್ಯಾನಿಟೈಸರ್ ಬೇಡ, ಅದರಲ್ಲಿರುವ ಗ್ಲಿಸರಿನ್ ಅಂಟಾಗಿ ಉಳಿಯುತ್ತದೆ. ಕನ್ನಡಕ ಒರೆಸುವಂಥ ನೂಲು ಬಿಡದ ಬಟ್ಟೆಯಲ್ಲಿ ಎರಡೂ ಕಡೆ ಹೊಳೆಯುವ ತನಕ ಒರೆಸಿ, ಆರಲು ಬಿಡಿ.

ಆಮೇಲೆ ಸಿಪಿಯು ನಡುಮಧ್ಯಕ್ಕೆ ತೊಗರಿ ಕಾಳಿನಷ್ಟು ಪೇಸ್ಟ್, ಅಷ್ಟೇ. ಸವರಬೇಡಿ, ಕೂಲರ್ ಒತ್ತಡಕ್ಕೆ ತಾನೇ ಹರಡುತ್ತದೆ. ಗೀಟು ಎಳೆಯಬೇಕಾ, ಗುಣಾಕಾರ ಚಿಹ್ನೆ ಹಾಕಬೇಕಾ ಅಂತ ಜನ ಜಗಳ ಆಡುತ್ತಾರೆ. ಇಷ್ಟು ಸಣ್ಣ ಚಿಪ್‌ಗೆ ಒಂದೆರಡು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ನಾನಂತೂ ನೋಡಿಲ್ಲ.

ಕ್ಯಾಬಿನೆಟ್ ಅನ್ನು ಅಡ್ಡ ಮಲಗಿಸಿ. ನಿಲ್ಲಿಸಿಕೊಂಡು ಹಾಕಿದರೆ ಕೂಲರ್ ಜಾರುತ್ತದೆ. ನೇರವಾಗಿ ಕೆಳಗಿಳಿಸಿ, ಎತ್ತಿ ಮತ್ತೆ ಇಡಬೇಡಿ, ನಡುವೆ ಗಾಳಿ ಸೇರುತ್ತದೆ. ಒಂದು ಪಿನ್ ಒತ್ತಿದ ಮೇಲೆ ಅದರ ಎದುರು ಮೂಲೆಯದನ್ನು ಒತ್ತಿ. ಟಕ್ ಅಂತ ಸದ್ದು ಬರಬೇಕು. ಸದ್ದನ್ನಷ್ಟೇ ನಂಬಬೇಡಿ, ಆಗುವುದಾದರೆ ಮದರ್‌ಬೋರ್ಡ್ ಹಿಂಭಾಗವನ್ನೂ ನೋಡಿ. ಬಿಳಿ ಕಾಲುಗಳು ಅಗಲಿಸಿಕೊಂಡು ನಡುವೆ ಕಪ್ಪು ಮೊನೆ ಕಾಣಬೇಕು, ನಾಲ್ಕರಲ್ಲೂ. ಫ್ಯಾನ್ ವೈರ್ ಮರೆಯಬೇಡಿ.

ಹೊಸಬಳು:
ನಡುವೆ ಕೇಳ್ತಿದ್ದೇನೆ, ಕ್ಷಮಿಸಿ. ನನ್ನದು ರೈಜನ್ 5 3600. ನಾನೂ ಹೀಗೇ ಕೂಲರ್ ತೆಗೆಯಬಹುದಾ?

ತಿರುಪುಳಿ:
ನಿಮ್ಮದಕ್ಕೆ ಒಂದು ಎಚ್ಚರಿಕೆ ಇದೆ. ನಿಮ್ಮದರಂಥ ಎಎಂ4 ಸಾಕೆಟ್‌ನ ಸಿಪಿಯುಗಳಲ್ಲಿ ಪಿನ್‌ಗಳು ಸಿಪಿಯು ತಳದಲ್ಲೇ ಇರುತ್ತವೆ. ಪೇಸ್ಟ್ ಒಣಗಿ ಅಂಟಿಕೊಂಡಿದ್ದರೆ, ಕೂಲರ್ ಎಳೆದಾಗ ಸಾಕೆಟ್ ಲಾಕ್ ಆಗಿದ್ದರೂ ಸಿಪಿಯು ಅದರ ಜೊತೆಗೇ ಕಿತ್ತು ಬರಬಹುದು, ಪಿನ್ ಬಾಗಬಹುದು. ಮೊದಲು ಹತ್ತು ಹದಿನೈದು ನಿಮಿಷ ಭಾರದ ಕೆಲಸ ಕೊಟ್ಟು ಬಿಸಿ ಮಾಡಿ. ಆಫ್ ಮಾಡಿ, ಪವರ್ ಕೇಬಲ್ ಕಿತ್ತು, ಸ್ಕ್ರೂ ಬಿಚ್ಚಿ. ಕೂಲರ್ ಅನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಚಿ, ಸಡಿಲವಾದ ಮೇಲಷ್ಟೇ ಎತ್ತಿ.

ಬಿಸಿಲೂರು:
ಅಣ್ಣಾ, ಸರಿ ಹೋಯ್ತು! ರ್‍ಯಾಮ್ ಕಡೆಯ ಪಿನ್ ಒಂದೇ ವಾಪಸ್ ತಿರುಗಿಸಿರಲಿಲ್ಲ. ಇವತ್ತು ಹಿಂದಿನ ಮುಚ್ಚಳ ತೆಗೆದು ಟಾರ್ಚ್ ಹಾಕಿ ನಾಲ್ಕೂ ಕಪ್ಪು ಮೊನೆ ನೋಡಿಕೊಂಡೆ. ಈಗ ಸುಮ್ಮನಿದ್ದಾಗ 41, ಒಂದು ಗಂಟೆ ರೆಂಡರ್ ಹಾಕಿದರೂ 73 ದಾಟಲಿಲ್ಲ. ಮಧ್ಯಾಹ್ನದ ಬಿಸಿಲಲ್ಲೇ ಇಷ್ಟು. ತುಂಬಾ ತುಂಬಾ ಥ್ಯಾಂಕ್ಸ್. ಸಿರಿಂಜ್‌ನಲ್ಲಿ ಇನ್ನೂ ಪೇಸ್ಟ್ ಉಳಿದಿದೆ, ಎಸೆಯಬೇಕಾ?

ತಿರುಪುಳಿ:
ಎಸೆಯಬೇಡಿ. ಮುಚ್ಚಳ ಬಿಗಿಯಾಗಿ ಹಾಕಿ ತಂಪು ಜಾಗದಲ್ಲಿ ಇಡಿ. ಈಗಿನ ಟೆಂಪರೇಚರ್ ಬರೆದಿಟ್ಟುಕೊಳ್ಳಿ. ಇದೇ ಕೆಲಸಕ್ಕೆ ಹತ್ತು ಡಿಗ್ರಿ ಏರಿದಾಗ ಮೊದಲು ಫ್ಯಾನ್ ಮತ್ತು ಕೂಲರ್ ಧೂಳು ತೆಗೆಯಿರಿ. ಆಮೇಲೂ ಇಳಿಯದಿದ್ದರೆ ಮಾತ್ರ ಪೇಸ್ಟ್ ಕಡೆ ನೋಡಿ.