ತೊನ್ನಿರುವ ಮಗುವಿಗೆ ಗೊಂಬೆ ಹೊಲಿಯುತ್ತಿದ್ದೀನಿ, ಸಹಾಯ ಬೇಕು

ಅಕ್ಕನ ಮಗಳಿಗೆ ತೊನ್ನು ಇದೆ. ಕಣ್ಣ ಸುತ್ತ, ಬಾಯಂಚಲ್ಲಿ, ಬೆರಳ ಮೇಲೆ ಬಿಳಿ ಮಚ್ಚೆ. ಇದು ಅಂಟುವ ಕಾಯಿಲೆ ಅಲ್ಲವೇ ಅಲ್ಲ, ಚರ್ಮಕ್ಕೆ ಬಣ್ಣ ಕೊಡೋ ಜೀವಕೋಶಗಳು ಅಲ್ಲಿ ಇಲ್ಲ ಅಷ್ಟೇ. ಆದರೂ ಕೆಲವು ಮಕ್ಕಳು ಅವಳ ಕೈ ಹಿಡಿಯಲ್ಲ, ನೋಡಿದರೆ ಹೊಟ್ಟೆ ಉರಿಯುತ್ತೆ.

ಹುಟ್ಟುಹಬ್ಬಕ್ಕೆ ಅವಳ ಹಾಗೇ ಇರೋ ಗೊಂಬೆ ಕೊಡೋ ಆಸೆ. 2020ರಲ್ಲಿ ಬಂದ ತೊನ್ನಿರುವ ಬಾರ್ಬಿ ನೋಡಿದೆ, ಚೆಂದ ಇದೆ. ಆದರೆ ಇವಳಿಗೆ ತಬ್ಬಿ ಮಲಗೋಕೆ ಮೆತ್ತನೆಯದೇ ಬೇಕು. ಬಟ್ಟೆ ಗೊಂಬೆಗೆ ಬಿಳಿ ಬಣ್ಣ ಹಚ್ಚಿದರೆ ಕಲೆ ಬಿದ್ದ ಹಾಗೆ ಕಾಣುತ್ತೆ. ತೆಳು ಬಟ್ಟೆಯ ತೇಪೆ ಪರವಾಗಿಲ್ಲ.

ಸಿಕ್ಕಿಕೊಂಡಿರೋದು ಇಲ್ಲಿ: ಮಚ್ಚೆಗಳು ಅವಳಿಗಿರೋ ಜಾಗದಲ್ಲೇ ಇರಬೇಕಾ, ಬೇರೆ ಕಡೆ ಇರಬೇಕಾ? ಅಲ್ಲೇ ಇಟ್ಟರೆ ಬೆರಳು ಮಾಡಿ ತೋರಿಸಿದ ಹಾಗಾಗುತ್ತಾ? ತೊನ್ನಿರೋರೇ, ಚಿಕ್ಕವರಿದ್ದಾಗ ನಿಮಗೆ ಯಾವುದು ಇಷ್ಟ ಆಗ್ತಿತ್ತು?