ಅಪ್‌ಡೇಟ್: ವಿಮ್ ರಿಜಿಸ್ಟರ್ ಖಾಲಿ ಆದ್ವು

ಕಲಬುರಗಿಯ ನಮ್ಮ ಆಫೀಸಿನಾಗ ಎಲ್ಲರಿಗೂ ಒಂದೇ ಲಾಗಿನ್, ಒಬ್ರು ನಕಲು ಮಾಡಿದ್ದು ಇನ್ನೊಬ್ರಿಗೂ ಕಾಣ್ತದ. ವಿಮ್ ಅನ್ನೋ ಪಠ್ಯ ಎಡಿಟರಿನ ರಿಜಿಸ್ಟರ್‌ನಾಗ (ನಕಲು ಮಾಡಿದ್ದನ್ನ ಇಟ್ಕೊಳ್ಳೋ ಜಾಗ) ಕುಂತ ತೊಗರಿ ರೈತರ ಖಾತೆ ನಂಬರ್ ಅಳಿಸೋದು ಹ್ಯಾಂಗ ಅಂತ ಕೇಳಿದ್ದೆ ನೋಡ್ರಿ, ಅದು ಬಗೆಹರೀತು.

ಒಂದೇ ರಿಜಿಸ್ಟರ್ ಆದ್ರ ಕ್ಯೂ, ಎ, ಕ್ಯೂ ಒತ್ರಿ. ಮ್ಯಾಕ್ರೊ, ಅಂದ್ರ ಒತ್ತಿದ ಕೀಗಳ ದಾಖಲೆ, ಶುರು ಮಾಡಿ ಏನೂ ತುಂಬದೆ ನಿಲ್ಲಿಸಿದಂಗ, ಎ ಅನ್ನೋ ರಿಜಿಸ್ಟರ್ ಖಾಲಿ. ಎಲ್ಲಾ ಅಳಿಸಾಕ ನೀವು ಹೇಳಿದಂಗ ಒಂದೊಂದೇ ರಿಜಿಸ್ಟರ್ ಮ್ಯಾಲೆ ಹೋಗೋ ಲೂಪ್ ಹಾಕಿ, ರಿಜಿಸ್ಟರ್ ತುಂಬೋ ಸೆಟ್‌ರೆಗ್ ಫಂಕ್ಷನ್ನಿಗೆ ಖಾಲಿ ಪಟ್ಟಿ ಕೊಟ್ಟೆ. ಹೋದ್ವು. ವಿಮ್ ಮುಚ್ಚಿ ತೆಗದ್ರ ಮತ್ತ ಅವೇ ನಂಬರ್!

ರಿಜಿಸ್ಟರ್‌ಗಳನ್ನ ಡಿಸ್ಕಿನಾಗ ಉಳಿಸಿಡೋ ವಿಮ್‌ಇನ್ಫೋ ಫೈಲಿನ ಆಟ ಅದು. ಹೊರಗ ಬರೋವಾಗ ವಿಮ್ ಹಳೇದನ್ನೂ ಕೂಡಿಸಿ ಬರೀತದ. ಆ ಫೈಲ್ ಬರೆಯೋ ಡಬ್ಲ್ಯೂವಿ ಕಮಾಂಡಿಗೆ ಆಶ್ಚರ್ಯ ಚಿಹ್ನೆ ಹಚ್ಚಿ ಬರೆಸಿದ ಮ್ಯಾಲೇ ಪೂರ್ತಿ ಹೋತು. ವಿಮ್‌ಇನ್ಫೋ ಸೆಟ್ಟಿಂಗ್‌ನಾಗ ರಿಜಿಸ್ಟರಿಗೆ 50 ಸಾಲು ಅಂತಿದ್ದದ್ದನ್ನ 0 ಮಾಡೀನಿ. ಇನ್ನ ಡಿಸ್ಕಿಗೆ ಹೋಗಂಗಿಲ್ಲ.