ಸೀರೆ ಅಂಗಡಿ ವೆಬ್‌ಸೈಟ್ ವರಮಹಾಲಕ್ಷ್ಮಿ ಹಬ್ಬದೊಳಗೆ ಮುಗಿಸುವುದು ಹೇಗೆ?

ವಿಜಯನಗರ ಹುಡುಗ:
ಚಿಕ್ಕಪೇಟೆಯ ಒಂದು ಸೀರೆ ಅಂಗಡಿಗೆ ವೆಬ್‌ಸೈಟ್ ಮಾಡಿಕೊಡುತ್ತಿದ್ದೇನೆ. ಸೈಟ್ ಕಟ್ಟುವುದಕ್ಕೆ ವರ್ಡ್‌ಪ್ರೆಸ್, ಆನ್‌ಲೈನ್ ಮಾರಾಟಕ್ಕೆ ಅದರ ಮೇಲೆ ವೂಕಾಮರ್ಸ್. ಕನ್ನಡ, ಇಂಗ್ಲಿಷ್ ಎರಡೂ ಬೇಕಂತೆ. ಹಬ್ಬಕ್ಕೆ ಮೊದಲೇ ಆರ್ಡರ್ ಬರಬೇಕಂತೆ. ಯಜಮಾನರು ಒಂದು ಹೇಳಿದರೆ ಮಗ ಇನ್ನೊಂದು, ಅಳಿಯ ಮತ್ತೊಂದು. ಎಲ್ಲಾ ವಾಟ್ಸಾಪ್‌ನಲ್ಲೇ. ಸೀರೆಗಳ ವಿವರವನ್ನು "ನುಡಿ" ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿಸಿ ಕೊಟ್ಟಿದ್ದಾರೆ. ಸೈಟ್‌ಗೆ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬರುತ್ತದೆ. ನಿನ್ನೆ ಅಳಿಯ, "ಹೋಲ್‌ಸೇಲ್ ರೇಟ್‌ಗೂ ಒಂದು ಪೇಜ್ ಇರಲಿ, ಸಣ್ಣ ಕೆಲಸ ಅಲ್ವಾ" ಎಂದರು. ಯಜಮಾನರು ನಮ್ಮಪ್ಪನ ಸ್ನೇಹಿತರು, ಖಡಕ್ಕಾಗಿ ಮಾತಾಡುವ ಹಾಗೂ ಇಲ್ಲ.

ಬಸವನಗುಡಿ ಅಕ್ಕ:
ಮೊದಲು ಪೇಮೆಂಟ್ ಗೇಟ್‌ವೇಗೆ, ಅಂದರೆ ಸೈಟ್‌ನಲ್ಲಿ ಆನ್‌ಲೈನ್ ದುಡ್ಡು ತೆಗೆದುಕೊಳ್ಳುವ ಸೇವೆಗೆ, ಅರ್ಜಿ ಹಾಕಿಸಿ ತಮ್ಮಾ. ಹಬ್ಬದ ಗಡುವು ತಪ್ಪುವುದೇ ಅಲ್ಲಿ. ಕೆವೈಸಿ ಅಂಗಡಿಯವರದೇ ಆಗಬೇಕು: ಪ್ಯಾನ್, ಜಿಎಸ್‌ಟಿ, ಬ್ಯಾಂಕ್ ಖಾತೆ. ಸೈಟ್‌ನಲ್ಲಿ ವಿಳಾಸ, ವಾಪಸಾತಿ ನಿಯಮ, ಡೆಲಿವರಿ ನಿಯಮ ಇದೆಯಾ ಅಂತಲೂ ಗೇಟ್‌ವೇಯವರು ನೋಡುತ್ತಾರೆ. ಬ್ಯಾನರ್ ಬಣ್ಣದ ಜಗಳ ಆಮೇಲೆ ಇರಲಿ.

ನುಡಿ ವಿಷಯ. ಹಳೇ ಫೈಲ್‌ನಲ್ಲಿ ನಿಜವಾಗಿ ಇರುವುದೇ ಇಂಗ್ಲಿಷ್ ಅಕ್ಷರಗಳ ಸಂಕೇತ, ಆ ಫಾಂಟ್ ಇದ್ದರೆ ಮಾತ್ರ ಕನ್ನಡವಾಗಿ ಕಾಣುತ್ತದೆ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಳ್ಳಿ, ಅದು ಸೈಟ್‌ನಲ್ಲೂ ಕನ್ನಡವಾಗಿಯೇ ಉಳಿಯುವ ಸಂಕೇತ. ಅರ್ಕಾವತ್ತು, ಒತ್ತಕ್ಷರ ಕೆಟ್ಟಿವೆಯಾ ಅಂತ ಕಣ್ಣಲ್ಲೇ ಓದಿ ನೋಡಬೇಕು, ಬೇರೆ ದಾರಿ ಇಲ್ಲ. ನೋಟೊ ಸಾನ್ಸ್ ಕನ್ನಡ ಫಾಂಟ್ ಹಾಕಿ, ಸಾಲಿನ ಎತ್ತರ 1.6ರ ಹತ್ತಿರ ಇಡಿ. ಇಂಗ್ಲಿಷ್‌ಗೆ ಮಾಡಿದ ಥೀಮ್‌ಗಳಲ್ಲಿ ಎಷ್ಟೋ ಸಲ "ಕ್ಷ್ಮಿ"ಯ ಒತ್ತು ಕತ್ತರಿಸಿ ಹೋಗಿರುತ್ತದೆ. ಹಬ್ಬದ ಹೆಸರೇ ಹಾಗೆ ಬಂದರೆ ಯಜಮಾನರ ಮುಖ ನೋಡಬೇಕು!

ಹೋಲ್‌ಸೇಲ್ ಸಣ್ಣ ಕೆಲಸ ಅಲ್ಲವೇ ಅಲ್ಲ. ಬೇರೆ ಲಾಗಿನ್, ಬೇರೆ ರೇಟು, ಕನಿಷ್ಠ ಎಷ್ಟು ಪೀಸ್ ಎಂಬ ಲೆಕ್ಕ. ಆದರೆ "ಆಗಲ್ಲ" ಅನ್ನಬೇಡಿ. "ಹಬ್ಬ ಮುಗಿದ ಮೇಲೆ ಮಾಡೋಣ, ಎಷ್ಟಾಗುತ್ತೆ ಅಂತ ಬರೆದು ಕಳಿಸ್ತೀನಿ" ಅನ್ನಿ. ಬರೆದು ಕಳಿಸಿದ ಮೇಲೆ ಅರ್ಧ ಆಸೆಗಳು ತಾವೇ ಮರೆತುಹೋಗುತ್ತವೆ.

ಮಲ್ಲೇಶ್ವರ ಕೋಡು:
ಡೊಮೇನ್ (ಸೈಟ್ ಹೆಸರು), ಹೋಸ್ಟಿಂಗ್ (ಸೈಟ್ ಇಡೋ ಸರ್ವರ್ ಜಾಗ) ಎರಡೂ ಅಂಗಡಿಯವರ ಹೆಸರಲ್ಲಿ, ಅವರ ಕಾರ್ಡಿಂದಲೇ ಇರಲಿ ಗುರು. ಇಲ್ಲಾಂದ್ರೆ ಪ್ರತಿ ವರ್ಷ ರಿನ್ಯೂವಲ್‌ಗೆ ನಿಮ್ಮ ಕೈಯಿಂದ ಹೋಗುತ್ತೆ. ಬಾಕಿ ದುಡ್ಡು ಸೈಟ್ ಲೈವ್ ಆಗೋ ಮುಂಚೆನೇ ಕೇಳಿ.

ವಿಜಯನಗರ ಹುಡುಗ:
ಥ್ಯಾಂಕ್ಸ್ ಅಕ್ಕಾ. ಮೂವರಲ್ಲಿ ಯಾರ ಮಾತು ಕೇಳಲಿ?

ಬಸವನಗುಡಿ ಅಕ್ಕ:
ದುಡ್ಡು ಕೊಡುವವರ ಮಾತು. ಅಂದರೆ ಯಜಮಾನರದು. ಆದರೆ ಅದನ್ನು ನೀವು ಹೇಳಬೇಡಿ, ಗ್ರೂಪ್‌ನಲ್ಲಿ ಅವರ ಬಾಯಿಂದಲೇ ಹೇಳಿಸಿ. "ಅಂಕಲ್, ನೀವು ಓಕೆ ಅಂದಿದ್ದು ಮಾತ್ರ ಮಾಡ್ತೀನಿ, ಅಲ್ವಾ?" ಅಂತ ಕೇಳಿ. ಮಗನಿಗೆ ಫೋಟೋ ಕೆಲಸ ಒಪ್ಪಿಸಿ. ಟ್ಯೂಬ್‌ಲೈಟ್ ಕೆಳಗೆ ತೆಗೆದರೆ ರಾಮಾ ಗ್ರೀನ್ ಬೇರೆಯೇ ಬಣ್ಣ ಕಾಣುತ್ತೆ, ಸೀರೆ ವಾಪಸ್ ಬರುತ್ತೆ. ಬೆಳಗಿನ ಬೆಳಕಿನಲ್ಲಿ ತೆಗೆಯಲಿ.